ಪರದೆಯ ಈಚೆಗಿನ ಕೋಣೆ

1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ಸಂಜೆಯಾಯಿತೆಂದರೆ ಜನ ಟಿ.ವಿ. ಮುಂದೆ ಬಂದು ಕೂರುತ್ತಿದ್ದರು. ಹೊರಗೆ, ಕೋಳಿಗೂಡಿಗೆ ಹೊದಿಸುವಂಥ ತಂತಿಬಲೆಯಿಂದ ಮಾಡಿದ ಹತ್ತು ಅಡಿ ಅಗಲದ ಆಂಟೆನಾ. ಅದು ಮುಖ ಮಾಡಿದ್ದು ಪೂರ್ವ ಆಫ್ರಿಕಾದ ನೆತ್ತಿಯ ಮೇಲೆ ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ ನಿಂತಿದ್ದ ಎಟಿಎಸ್-6 ಉಪಗ್ರಹದ ಕಡೆಗೆ. ನಾಸಾ ಅದನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಕಡ ಕೊಟ್ಟಿತ್ತು. ಉಳಿದ ಉಸಾಬರಿಯೆಲ್ಲ ಇಸ್ರೊ ಮತ್ತು ಆಕಾಶವಾಣಿಯದು. ಆರು ರಾಜ್ಯಗಳ 2,400 ಹಳ್ಳಿಗಳನ್ನು ಮುಟ್ಟಿದ ಈ ಪ್ರಯೋಗಕ್ಕೆ 'ಸೈಟ್' ಎಂಬ ಚುಟುಕು ಹೆಸರೇ ಗಟ್ಟಿಯಾಗಿ ನಿಂತಿತು. ಕರ್ನಾಟಕ, ಆಂಧ್ರದ ಹಳ್ಳಿಗಳಿಗೆ ಕಾರ್ಯಕ್ರಮ ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ಚಿತ್ರ ಒಂದೇ, ಧ್ವನಿ ಮಾತ್ರ ಎರಡು: ಒಂದು ಕನ್ನಡದ್ದು, ಇನ್ನೊಂದು ತೆಲುಗಿನದು.

ಈ ಬರಹದಲ್ಲಿ ಮುಂದೆ ಮತ್ತೆ ಮತ್ತೆ ಬರುವ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಆಗ ಇದೇ ರಾಯಚೂರು ಜಿಲ್ಲೆಯ ತಾಲ್ಲೂಕುಗಳು. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ.

ಸೈಟ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಕೃಷಿ, ಆರೋಗ್ಯ, ಕುಟುಂಬ ಯೋಜನೆಯ ಸಂಜೆಯ ಕಾರ್ಯಕ್ರಮಗಳು. ಅದರೊಳಗೆ ಸದ್ದಿಲ್ಲದೆ ಇನ್ನೊಂದು ಕೆಲಸವೂ ನಡೆದಿತ್ತು. 1975ರ ಅಕ್ಟೋಬರ್ ರಜೆಯಲ್ಲಿ ಒಮ್ಮೆ, 1976ರ ಬೇಸಿಗೆಯಲ್ಲಿ ಇನ್ನೊಮ್ಮೆ, ಎರಡೂ ಸುತ್ತು ಸೇರಿ ಸುಮಾರು 50 ಸಾವಿರ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ. ಒಂದು ಸುತ್ತಿಗೆ ಹನ್ನೆರಡು ದಿನ. ಪಾಠ ರೂಪಿಸಿದ್ದು ದೆಹಲಿಯ ಎನ್‌ಸಿಇಆರ್‌ಟಿ. ಕೆಲಸದಲ್ಲಿರುವವರಿಗೆ, ಅವರಿದ್ದಲ್ಲಿಗೇ, ಪರದೆಯ ಮೂಲಕ ತರಬೇತಿ: ಇಂದು ನಾವು ಆನ್‌ಲೈನ್ ತರಬೇತಿ ಎನ್ನುವುದರ ಅಜ್ಜ ಅದು. ಕಂಪ್ಯೂಟರು ಈ ಸೀಮೆಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಹುಟ್ಟಿಬಿಟ್ಟಿದ್ದ.

ಆ ಹನ್ನೆರಡು ದಿನವನ್ನು ಜೋಡಿಸಿದ್ದ ರೀತಿಯನ್ನು ನೋಡಬೇಕು. ಟಿ.ವಿ. ಪಾಠ ದಿನದ ಒಂದು ತುಂಡು ಮಾತ್ರ. ಅದರ ಜೊತೆಗೆ ರೇಡಿಯೊ ಪಾಠ, ಕೈಗೊಂದು ಅಚ್ಚಾದ ಚಟುವಟಿಕೆ ಪುಸ್ತಕ, ಸುತ್ತಮುತ್ತ ಸಿಗುವ ಸಾಮಾನಿನಲ್ಲೇ ಮಾಡಿ ನೋಡುವ ಪ್ರಯೋಗಗಳು, ಆಮೇಲೆ ಚರ್ಚೆ. ಪ್ರತಿ ಕೇಂದ್ರದಲ್ಲೂ ಮೊದಲೇ ತಯಾರಾದ ಒಬ್ಬ ಮಾನಿಟರ್ ಶಿಕ್ಷಕರಿರುತ್ತಿದ್ದರು. ಟಿ.ವಿ. ಆರಿದ ಮೇಲೆ ಮಾತು ಎತ್ತುವುದು, ಪ್ರಯೋಗ ಮಾಡಿಸುವುದು ಅವರ ಪಾಲಿನದು. ಆಕಾಶದಲ್ಲಿ ಆ ಕಾಲದ ಅತಿ ಬಲಶಾಲಿ ಪ್ರಸಾರ ಉಪಗ್ರಹವನ್ನು ಇಟ್ಟುಕೊಂಡವರು ಬರಿ ಅದನ್ನೇ ನಂಬಿ ಕೂರಲಿಲ್ಲ. ಪರದೆಯ ಈಚೆಗಿನ ಕೋಣೆಯಲ್ಲಿ ಯಾರು ಇರುತ್ತಾರೆ, ಏನು ಮಾಡುತ್ತಾರೆ ಎಂಬುದಕ್ಕೂ ಅಷ್ಟೇ ತಲೆ ಕೆಡಿಸಿಕೊಂಡಿದ್ದರು.

ಈಗ ಆ ಕೋಣೆ ಕರಗಿ ಅಂಗೈಗೆ ಬಂದಿದೆ. ಶಿಕ್ಷಕರಿಗೆ 2017ರಲ್ಲಿ ದೀಕ್ಷಾ ಎಂಬ ಆನ್‌ಲೈನ್ ವೇದಿಕೆ ಬಂತು. ಅದರ ಮೇಲೆ 2020ರ ಅಕ್ಟೋಬರಿನಲ್ಲಿ ನಿಷ್ಠಾ ತರಬೇತಿಯ 18 ಮಾಡ್ಯೂಲುಗಳು ಹರಿದು ಬಂದವು. ಸರ್ಕಾರಿ ನೌಕರರಿಗೆ ಐಗಾಟ್ ಕರ್ಮಯೋಗಿ. ಅಂಗನವಾಡಿ ಕಾರ್ಯಕರ್ತೆಯರಿಗೆ 2021ರ ಮಾರ್ಚಿನಿಂದ ಪೋಷಣ್ ಟ್ರ್ಯಾಕರ್, ಅದನ್ನು ತುಂಬುವ ಬಗೆಯ ವಿಡಿಯೊಗಳು. ಯಲಬುರ್ಗಾ ತಾಲ್ಲೂಕಿನ ಶಿಕ್ಷಕಿಯೊಬ್ಬರು ಮುಂಜಾನೆ ಇಂಥದ್ದೊಂದು ಕೋರ್ಸ್ ತೆರೆಯುವ ಚಿತ್ರವನ್ನು ಊಹಿಸಿಕೊಳ್ಳುವುದು ಕಷ್ಟವೇನಲ್ಲ. ವಿಡಿಯೊ ಕಿಟಕಿಕಟ್ಟೆಯ ಮೇಲೆ ಓಡುತ್ತಿರುತ್ತದೆ, ರೊಟ್ಟಿ ಹಂಚಿನ ಮೇಲೆ ಬೇಯುತ್ತಿರುತ್ತದೆ. ನಡುನಡುವೆ 'ಮುಂದಕ್ಕೆ' ಗುಂಡಿ ಒತ್ತಬೇಕು. ಕೊನೆಗೆ ಹತ್ತು ಪ್ರಶ್ನೆ, ಉತ್ತರಗಳು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆಗಲೇ ಬಂದು ಬಿದ್ದಿರುತ್ತವೆ. ಸರ್ಟಿಫಿಕೇಟ್ ಡೌನ್‌ಲೋಡ್ ಆಯಿತು, ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಗೆ (ಸಿಆರ್‌ಪಿ) ಸ್ಕ್ರೀನ್‌ಶಾಟ್ ಹೋಯಿತು. ಇದರಲ್ಲಿ ಆಕೆಯ ತಪ್ಪು ಹುಡುಕುವುದು ಸುಲಭ, ಅನ್ಯಾಯವೂ ಹೌದು. ತರಬೇತಿ ಕೇಳಿದ್ದು ಹಾಜರಿಯನ್ನು, ಆಕೆ ಕೊಟ್ಟಿದ್ದೂ ಹಾಜರಿಯನ್ನೇ.

ಇಂಥ ತರಬೇತಿ ಯಾಕೆ ತಲೆಯಲ್ಲಿ ನಿಲ್ಲುವುದಿಲ್ಲ ಎಂಬುದಕ್ಕೆ ವಿಜ್ಞಾನದ ಬಳಿ ಹಳೆಯ, ಗಟ್ಟಿಯಾದ ಉತ್ತರವಿದೆ. ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಮರೆವಿನ ಲೆಕ್ಕವನ್ನು 1885ರಲ್ಲಿ ಪ್ರಕಟಿಸಿದ. ಮರೆವು ಮೊದಲ ಕೆಲವು ಗಂಟೆಗಳಲ್ಲೇ ಧಡಕ್ಕನೆ ಆಗುತ್ತದೆ, ಆಮೇಲೆ ನಿಧಾನವಾಗುತ್ತದೆ. 2015ರಲ್ಲಿ ನೆದರ್ಲೆಂಡ್ಸಿನ ಇಬ್ಬರು ಸಂಶೋಧಕರು ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಹೆಚ್ಚುಕಡಿಮೆ ಅದೇ ಗೆರೆ ಮೂಡಿತು. ಇದಕ್ಕೆ ಮದ್ದು? ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಮ್ಮೆ ಓದಿ, ಮೂರು ಸಲ ಪುಸ್ತಕ ಮುಚ್ಚಿ ನೆನಪಿದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದರೆ ಓದಿದವರದೇ ಮೇಲುಗೈ. ವಾರ ಬಿಟ್ಟು ಕೇಳಿದಾಗ ಆಟ ತಿರುಗುಮುರುಗು: ನಾಲ್ಕು ಸಲ ಓದಿದವರಿಗೆ ಶೇ 40ರಷ್ಟು ನೆನಪಿತ್ತು, ನೆನಪಿನಿಂದ ಬರೆದವರಿಗೆ ಶೇ 61.

ಕೋರ್ಸಿನ ಕೊನೆಯಲ್ಲಿ, ವಿಡಿಯೊ ಮುಗಿದ ಐದನೇ ನಿಮಿಷಕ್ಕೆ ಕೇಳುವ ಹತ್ತು ಪ್ರಶ್ನೆಗಳು ಎಷ್ಟು ಮೋಸದವು ಎಂಬುದು ಇಷ್ಟರಿಂದಲೇ ತಿಳಿಯುತ್ತದೆ. ನೂರಕ್ಕೆ ತೊಂಬತ್ತು ಬಂದರೂ ಮುಂದಿನ ಸೋಮವಾರದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಕೆಲಸದ ಜಾಗದಲ್ಲೇ ನಡೆದ ಇನ್ನೊಂದು ಅಧ್ಯಯನ ಇದಕ್ಕಿಂತ ಸ್ವಾರಸ್ಯದ್ದು. ಬ್ರಿಟನ್ನಿನ ಅಂಚೆ ಇಲಾಖೆ ತನ್ನ ನೌಕರರಿಗೆ ಪೋಸ್ಟ್‌ಕೋಡ್ ಒತ್ತುವ ಕೀಲಿಮಣೆ ಕಲಿಸಬೇಕಿತ್ತು. ಮನೋವಿಜ್ಞಾನಿಗಳಾದ ಬ್ಯಾಡ್ಲಿ ಮತ್ತು ಲಾಂಗ್‌ಮನ್ ನೌಕರರನ್ನು ನಾಲ್ಕು ಗುಂಪು ಮಾಡಿದರು. ಕೆಲವರಿಗೆ ದಿನಕ್ಕೆ ಒಂದೇ ಗಂಟೆ ಅಭ್ಯಾಸ, ಕೆಲವರಿಗೆ ದಿನಕ್ಕೆ ನಾಲ್ಕು ಗಂಟೆ, ಉಳಿದ ಎರಡು ಗುಂಪು ನಡುವೆ. 1978ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಟ್ಟು ಗಂಟೆಗಳ ಲೆಕ್ಕದಲ್ಲಿ ಬೇಗ ಕಲಿತವರು ದಿನಕ್ಕೊಂದು ಗಂಟೆಯವರು. ತಮಾಷೆಯೆಂದರೆ ತಮ್ಮ ತರಬೇತಿಯ ಬಗ್ಗೆ ಹೆಚ್ಚು ಅಸಮಾಧಾನ ಇದ್ದದ್ದೂ ಅವರಿಗೇ. ಉಳಿದವರು ಮುಂದೆ ಹೋಗುತ್ತಿದ್ದಾರೆ, ತಾವು ಹಿಂದೆ ಬಿದ್ದೆವು ಎಂಬ ಕಿರಿಕಿರಿ. ತರಬೇತಿ ಮುಗಿದೊಡನೆ ಕೈಗಿಡುವ 'ನಿಮಗೆ ಇಷ್ಟವಾಯಿತೇ' ಎಂಬ ಹಾಳೆಯನ್ನು ಎಷ್ಟು ನಂಬಬೇಕು ಎಂದು ಅಧಿಕಾರಿಗಳು ಕೇಳಿಕೊಳ್ಳಬೇಕಾದದ್ದು ಇಲ್ಲಿಯೇ.

ಒಟ್ಟಿಗೆ ಸುರಿಯುವುದಕ್ಕಿಂತ ಬಿಟ್ಟು ಬಿಟ್ಟು ಕೊಡುವುದು ಮೇಲು ಎಂಬುದನ್ನು ಗಂಗಾವತಿ, ಕಾರಟಗಿ ಕಡೆಯ ರೈತರಿಗೆ ಬೇರೆ ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಒಂದೇ ಸಮನೆ ನಿಲ್ಲಿಸಿದ ಹೊಲ ಸವಳು ಜವಳಾಗಿ ಕೂತಿರುವುದನ್ನು ಅವರು ದಿನಾ ನೋಡುತ್ತಾರೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರಕ್ಕೆ ಆ ಸವಳು ನೆಲವೇ ದೊಡ್ಡ ಅಧ್ಯಯನ ವಿಷಯ. ನೆಲ ಹೀರಿಕೊಳ್ಳುವಷ್ಟು ಬಿಟ್ಟು, ಆರಲು ಬಿಟ್ಟು, ಮತ್ತೆ ಸರದಿಯ ಮೇಲೆ ಬಿಡಬೇಕು.

ಸರದಿಯ ಮೇಲೆ ಕಲಿಸುವ ಯೋಜನೆ ಸರ್ಕಾರದ ಕೈಯಲ್ಲೇ ಇದೆ ಎಂಬುದು ಹಲವರಿಗೆ ಗೊತ್ತಿಲ್ಲ. 2018ರಲ್ಲಿ ಶುರುವಾದ ಪೋಷಣ್ ಅಭಿಯಾನದ ಜೊತೆ ಬಂದ ಐಎಲ್ಎ (ಹಂತಹಂತವಾಗಿ ಕಲಿಯುವ ವಿಧಾನ) ತರಬೇತಿಯಲ್ಲಿ 21 ವಿಷಯಗಳಿವೆ. ಅಂಗನವಾಡಿ ಕಾರ್ಯಕರ್ತೆಯರ ತಿಂಗಳ ಮೀಟಿಂಗಿನಲ್ಲಿ ಒಂದೊಂದು ವಿಷಯ ಎತ್ತಿಕೊಳ್ಳುವುದು, ಮುಂದಿನ ಮೀಟಿಂಗಿನೊಳಗೆ ಅದನ್ನು ಮನೆಭೇಟಿಯಲ್ಲಿ ಮಾಡಿ ನೋಡುವುದು, ಏನಾಯಿತು ಎಂದು ಬಂದು ಹೇಳುವುದು. ಕಲಿಕೆಯ ವಿಜ್ಞಾನ ತಿಳಿದವರು ಹಾಕಿದ ನಕ್ಷೆ ಅದು. ನಕ್ಷೆ ಚೆನ್ನಾಗಿದ್ದರೂ ತಿಂಗಳ ಮೀಟಿಂಗಿನಲ್ಲಿ ರಜಿಸ್ಟರು, ಆಹಾರದ ಸ್ಟಾಕು, ಆ್ಯಪಿನ ಬಾಕಿ ಎಲ್ಲ ಮುಗಿದ ಮೇಲೆ ಕಲಿಕೆಗೆ ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ಬೇರೆ ಮಾತು.

ಒಂದು ಪಾಠವನ್ನು ಹತ್ತಿರದಿಂದ ನೋಡೋಣ: ಎರಡು ವರ್ಷದೊಳಗಿನ ಮಗುವಿನ ಉದ್ದ ಅಳೆಯುವುದು. ಕುಷ್ಟಗಿ ತಾಲ್ಲೂಕಿನ ಯಾವ ಅಂಗನವಾಡಿಯಲ್ಲೂ ಇದು ಮಾಮೂಲಿ ಕೆಲಸ. ಮಗುವನ್ನು ಇನ್‌ಫ್ಯಾಂಟೋಮೀಟರ್ ಹಲಗೆಯ ಮೇಲೆ ಅಂಗಾತ ಮಲಗಿಸಬೇಕು. ಚಪ್ಪಲಿ ತೆಗೆಯಬೇಕು, ಜುಟ್ಟು ಕಟ್ಟಿದ್ದರೆ ಬಿಚ್ಚಬೇಕು. ಒಬ್ಬರು ತಲೆಯನ್ನು ಮೇಲಿನ ಹಲಗೆಗೆ ತಾಗಿಸಿ, ಕಣ್ಣು ನೆಟ್ಟಗೆ ಸೂರು ನೋಡುವಂತೆ ಹಿಡಿದಿರಬೇಕು. ಇನ್ನೊಬ್ಬರು ಒಂದು ಕೈಯಿಂದ ಮೊಣಕಾಲು ಒತ್ತಿ, ಇನ್ನೊಂದು ಕೈಯಿಂದ ಕಾಲುಹಲಗೆಯನ್ನು ಸರಿಸಿ ಪಾದಕ್ಕೆ ಪೂರಾ ತಾಗಿಸಬೇಕು. ಮಗು ಸುಮ್ಮನಿರುತ್ತದೆಯೇ? ಒದೆಯುತ್ತದೆ, ಅಳುತ್ತದೆ. ತೀರ ಹಟ ಮಾಡುವ ಮಗುವಾದರೆ ಒಂದೇ ಕಾಲು ನೆಟ್ಟಗೆ ಸಿಕ್ಕರೂ ಅಳೆಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ವಿನಾಯಿತಿ ಕೊಟ್ಟಿದೆ. ಎರಡು ವರ್ಷದೊಳಗಿನ ಮಗುವನ್ನು ನಿಲ್ಲಿಸಿಯೇ ಅಳೆದಿದ್ದರೆ ಬಂದ ಅಳತೆಗೆ 0.7 ಸೆಂಟಿಮೀಟರ್ ಕೂಡಿಸಬೇಕು.

ಇಷ್ಟು ಸಣ್ಣ ಸಂಖ್ಯೆಗೆ ಯಾಕಿಷ್ಟು ಗದ್ದಲ? ಆ ಸಂಸ್ಥೆಯ ಬೆಳವಣಿಗೆ ಮಾನದಂಡದಲ್ಲಿ 18 ತಿಂಗಳ ಹೆಣ್ಣುಮಗುವಿನ ಮಧ್ಯಮ ಉದ್ದ 80.7 ಸೆಂ.ಮೀ. 74.9ಕ್ಕಿಂತ ಕಡಿಮೆಯಾದರೆ ಕುಂಠಿತ ಬೆಳವಣಿಗೆ. ನಿಜವಾಗಿ 75.5 ಇರುವ ಮಗುವಿನ ಮೊಣಕಾಲು ಕೊಂಚ ಮಡಚಿದ್ದು 74.5 ಎಂದು ದಾಖಲಾದರೆ ಆ ಮಗು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ತಾಲ್ಲೂಕಿನ ಅಂಕಿಅಂಶವೆಲ್ಲ ಇಂಥ ಮೊಣಕಾಲುಗಳ ಮೇಲೆಯೇ ನಿಂತಿದೆ.

ಮಾಮೂಲಿ ಆನ್‌ಲೈನ್ ಪಾಠ ಹೇಗಿರುತ್ತದೆ ಎಂಬುದು ಗೊತ್ತಿರುವುದೇ. ಗಣ್ಯರ ಸಂದೇಶ, ಅಪೌಷ್ಟಿಕತೆಯ ವ್ಯಾಖ್ಯೆ, ದೇಶದ ಅಂಕಿಅಂಶ, ಉದ್ದೇಶಗಳ ಪಟ್ಟಿ, ಆಮೇಲೆ ಇಪ್ಪತ್ತನೇ ನಿಮಿಷಕ್ಕೆ ಹಲಗೆ. ಪರದೆಯ ಮೇಲೆ ಅಚ್ಚಾದ ವಾಕ್ಯವನ್ನೇ ಧ್ವನಿ ಓದುತ್ತಾ ಹೋಗುತ್ತದೆ. ಚಿತ್ರದ ಜೊತೆ ಮಾತು ಇದ್ದರೆ ಕಲಿಕೆ ಸುಲಭ, ಅದೇ ಮಾತು ಅಕ್ಷರವಾಗಿಯೂ ಪರದೆ ತುಂಬಿದರೆ ಕಣ್ಣು ಚಿತ್ರ ಬಿಟ್ಟು ಅಕ್ಷರದ ಹಿಂದೆ ಹೋಗುತ್ತದೆ ಎಂದು ಕ್ಯಾಲಿಫೋರ್ನಿಯಾದ ರಿಚರ್ಡ್ ಮೇಯರ್ ಪ್ರಯೋಗಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದಾರೆ. ಉದ್ದದ ವಿಷಯಕ್ಕೆ ಬಂದರೆ, ಎಡ್‌ಎಕ್ಸ್ ಕೋರ್ಸುಗಳ 69 ಲಕ್ಷ ವೀಕ್ಷಣೆಗಳನ್ನು ಜಾಲಾಡಿದ 2014ರ ಅಧ್ಯಯನವೊಂದು, ವಿಡಿಯೊ ಎಷ್ಟೇ ಉದ್ದವಿರಲಿ ಜನ ಸಾಮಾನ್ಯವಾಗಿ ಆರು ನಿಮಿಷದಾಚೆ ನೋಡುವುದಿಲ್ಲ ಎಂದು ಕಂಡುಕೊಂಡಿತು. ಈ ಆರು ನಿಮಿಷವನ್ನು ಈಗ ವೇದವಾಕ್ಯ ಮಾಡಿಕೊಂಡವರಿದ್ದಾರೆ. ಆರು ನಿಮಿಷದ ಕೆಟ್ಟ ವಿಡಿಯೊ ಕೆಟ್ಟ ವಿಡಿಯೊವೇ.

ಅದೇ ಪಾಠವನ್ನು ಬೇರೆ ಥರ ಕಟ್ಟಬಹುದು. ಪರದೆ ತೆರೆದೊಡನೆ ಒಂದೇ ಮಗು, ಒಂದೇ ದಿನ, ಎರಡು ಅಳತೆ: 75.5 ಮತ್ತು 74.5. ಯಾವುದು ಸರಿ, ಎಲ್ಲಿ ಎಡವಿದರು? ಕಾರ್ಯಕರ್ತೆ ಫೋಟೊಗಳನ್ನು ನೋಡಿ ತಪ್ಪು ಹಿಡಿಯಬೇಕು. ಒಂದರಲ್ಲಿ ಗಲ್ಲ ಮೇಲೆದ್ದಿದೆ, ಒಂದರಲ್ಲಿ ಕಾಲುಹಲಗೆ ಹೆಬ್ಬೆರಳಿಗೆ ಮಾತ್ರ ತಾಗಿದೆ. ಆಮೇಲೆ ಮೂರು ನಿಮಿಷದ ವಿಡಿಯೊ, ಅಳುವ ಮಗುವನ್ನೇ ಇಟ್ಟುಕೊಂಡು ತೆಗೆದದ್ದು. ನೆಟ್‌ವರ್ಕ್ ಇಲ್ಲದಾಗಲೂ ಓಡುವಂತೆ ಫೋನಿನಲ್ಲಿ ಉಳಿಸಿಕೊಳ್ಳಬಹುದಾದದ್ದು. ಮರುದಿನ ಒಂದು ಪ್ರಶ್ನೆ, ವಾರ ಬಿಟ್ಟು ಎರಡು, ತಿಂಗಳ ಮೀಟಿಂಗಿನಲ್ಲಿ ಕೈಯಾರೆ ಮಾಡಿ ತೋರಿಸುವುದು.

ಇನ್ನೂ ಒಂದು ಸಂಗತಿಯಿದೆ, ಸಾಮಾನ್ಯವಾಗಿ ಯಾರ ಗಣನೆಗೂ ಬಾರದ್ದು. ಮಗುವಿನ ತಲೆ ಹಿಡಿಯುವವರು ಯಾರು? ಹೆಚ್ಚಿನ ಕೇಂದ್ರಗಳಲ್ಲಿ ಸಹಾಯಕಿ, ಇಲ್ಲವೇ ಮಗುವಿನ ತಾಯಿ. ಆ್ಯಪ್ ಇರುವುದು, ಕೋರ್ಸಿನ ಲಿಂಕ್ ಬರುವುದು ಕಾರ್ಯಕರ್ತೆಯ ಫೋನಿಗೆ. ಇಬ್ಬರ ಕೆಲಸವನ್ನು ಒಬ್ಬರಿಗೆ ಕಲಿಸಿ ಅರ್ಧ ಅಳತೆಯನ್ನು ದೇವರಿಗೆ ಬಿಟ್ಟಂತಾಯಿತು. ಫೋನನ್ನು ಕಿಟಕಿಗೆ ಒರಗಿಸಿಟ್ಟು ಇಬ್ಬರೂ ಕೂತು ನೋಡುವಂತೆ, ನೋಡಿದ ಮೇಲೆ ಹಲಗೆ ತೆಗೆದು ಒಮ್ಮೆ ಮಾಡುವಂತೆ ಪಾಠ ರೂಪಿಸಿದರೆ ಖರ್ಚೇನೂ ಹೆಚ್ಚುವುದಿಲ್ಲ.

ಪರದೆಯ ಪಕ್ಕ ಒಬ್ಬ ಮನುಷ್ಯನಿದ್ದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು ಅಳೆದು ನೋಡಿದ ಪ್ರಸಿದ್ಧ ಪ್ರಯೋಗ ಕರ್ನಾಟಕದಲ್ಲೇ ನಡೆದದ್ದು. ಬೆಂಗಳೂರಿನ ಮೈಕ್ರೊಸಾಫ್ಟ್ ಸಂಶೋಧನಾಲಯದಲ್ಲಿದ್ದ ರಿಕಿನ್ ಗಾಂಧಿ ಮತ್ತು ಸಂಗಡಿಗರು ಗ್ರೀನ್ ಫೌಂಡೇಷನ್ ಸಂಸ್ಥೆಯ ಜೊತೆ ಸೇರಿ 'ಡಿಜಿಟಲ್ ಗ್ರೀನ್' ಶುರುಮಾಡಿದರು. ರೈತರ ಹೊಲದಲ್ಲೇ ಸಣ್ಣ ಸಣ್ಣ ವಿಡಿಯೊ ತೆಗೆದು, ಊರಲ್ಲೇ ಒಬ್ಬರು ಸಂಜೆ ಅದನ್ನು ಹಾಕಿ, ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳಿ ಮಾತಿಗೆಳೆಯುತ್ತಿದ್ದರು. 16 ಹಳ್ಳಿಗಳಲ್ಲಿ ಹದಿಮೂರು ತಿಂಗಳು ನಡೆದ ಪರೀಕ್ಷೆಯಲ್ಲಿ, ಹಳೆಯ ವಿಸ್ತರಣಾ ಪದ್ಧತಿಗೆ ಹೋಲಿಸಿದರೆ ಕೆಲವು ಕೃಷಿ ಕ್ರಮಗಳನ್ನು ಅಳವಡಿಸಿಕೊಂಡವರು ಏಳು ಪಟ್ಟಾದರು. ಖರ್ಚಿನ ಲೆಕ್ಕದಲ್ಲಿ ಅದು ಹತ್ತು ಪಟ್ಟು ಅಗ್ಗವಾಗಿತ್ತು. ವಿಡಿಯೊ ನೋಡಿದ ರೈತರು ಮೊದಲು ಕೇಳುತ್ತಿದ್ದುದು ತಂತ್ರದ ಬಗ್ಗೆ ಅಲ್ಲವಂತೆ. ಅದರಲ್ಲಿರುವವರ ಹೆಸರೇನು, ಅವರದು ಯಾವ ಊರು? ಸ್ಟುಡಿಯೊದಲ್ಲಿ ಕೋಟು ತೊಟ್ಟು ಮಾತಾಡುವ ತಜ್ಞರಿಗೆ ಈ ಪ್ರಶ್ನೆ ಕೇಳಲು ಬರುವುದಿಲ್ಲ. ಕುಷ್ಟಗಿಯ ದಾಳಿಂಬೆ ಬೆಳೆಗಾರರಿಗಾಗಲಿ, ಯಲಬುರ್ಗಾದ ಶಿಕ್ಷಕಿಗಾಗಲಿ ಪರದೆಯ ಮೇಲೆ ಕಾಣಬೇಕಾದದ್ದು ತಮ್ಮಂಥದೇ ನೆಲ, ತಮ್ಮ ಸೀಮೆಯದೇ ಮಾತು.

ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನಡೆಸಿಕೊಂಡು ಬಂದ 'ಸ್ಯಾಟ್‌ಕಾಂ' ತರಬೇತಿಯೂ ಇದೇ ದಾರಿಯದು. ಮೈಸೂರಿನಿಂದ ಉಪಗ್ರಹದ ಮೂಲಕ ಚಿತ್ರ ತಾಲ್ಲೂಕು ಕೇಂದ್ರಕ್ಕೆ ಬರುತ್ತದೆ. ಕೂತವರ ಪ್ರಶ್ನೆ ಫೋನಿನಲ್ಲಿ ಮೈಸೂರಿಗೆ ಹೋಗುತ್ತದೆ. ಕೋಣೆಯಲ್ಲಿ ಚರ್ಚೆ ನಡೆಸಲು ಸಂಪನ್ಮೂಲ ವ್ಯಕ್ತಿಗಳಿರುತ್ತಾರೆ. ಓದು ಬರಹ ಬಾರದ ಸದಸ್ಯೆಯೂ ಪಕ್ಕದ ಪಂಚಾಯಿತಿಯವರ ಜೊತೆ ಕೂತು ಕೇಳಬಹುದು. ಅಂಥವರನ್ನು ಒಬ್ಬೊಬ್ಬರನ್ನಾಗಿ ಬಿಡಿಸಿ ಒಂದೊಂದು ಲಾಗಿನ್ ಕೊಟ್ಟರೆ ಅದಕ್ಕೆ ಪ್ರಗತಿ ಎನ್ನಬೇಕೋ ಏನೋ.

ಸ್ಮಾರ್ಟ್‌ಫೋನೇ ಬೇಕು ಎಂಬುದೂ ಇಲ್ಲ. ಆಶಾ ಕಾರ್ಯಕರ್ತೆಯರಿಗಾಗಿ ಬಿಬಿಸಿ ಮೀಡಿಯಾ ಆ್ಯಕ್ಷನ್ 2012ರಲ್ಲಿ ಬಿಹಾರದಲ್ಲಿ ಹುಟ್ಟುಹಾಕಿದ 'ಮೊಬೈಲ್ ಅಕಾಡೆಮಿ' ಬರಿ ಧ್ವನಿಯದು. ಗುಂಡಿ ಒತ್ತುವ ಹಳೆಯ ಫೋನಿನಿಂದ ಕರೆ ಮಾಡಿದರೆ ಪಾಠ ಕೇಳಿಸುತ್ತದೆ. ಕರೆ ಕಡಿದರೆ ಮುಂದಿನ ಸಲ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ, ಅಧ್ಯಾಯ ಮುಗಿದಾಗ ಪ್ರಶ್ನೆ ಬರುತ್ತದೆ. 2016ರ ಜನವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅದನ್ನು ತನ್ನದಾಗಿಸಿಕೊಂಡಿತು.

ಕೈಗಾರಿಕೆಯ ಮಾತು ಬೇರೆ. ಕೊಪ್ಪಳದ ಬೇವಿನಹಳ್ಳಿಯ ಊದುಕುಲುಮೆಯಂಥ ಜಾಗದಲ್ಲಿ ಕರಗಿದ ಕಬ್ಬಿಣದ ಹತ್ತಿರ ಹೇಗೆ ನಿಲ್ಲಬೇಕು ಎಂಬುದನ್ನು, ಭಾನಾಪುರದ ಆಟಿಕೆ ಕ್ಲಸ್ಟರಿಗೆ ಸುತ್ತಲ ಹಳ್ಳಿಗಳಿಂದ ಹೊಸದಾಗಿ ಕೆಲಸಕ್ಕೆ ಬರುವವರಿಗೆ ಅಚ್ಚು ಯಂತ್ರದೊಳಗೆ ಯಾವಾಗ ಕೈ ಹಾಕಬಾರದು ಎಂಬುದನ್ನು ಫೋನಿನಲ್ಲಿ ಪೂರಾ ಕಲಿಸಲಾಗದು. ಮೊದಲೇ ನೋಡಿಕೊಂಡು ಬರಲು ಒಂದು ವಿಡಿಯೊ, ಮರೆತಾಗ ತಿರುಗಿ ನೋಡಲು ಇನ್ನೊಂದು. ನಡುವಿನದೆಲ್ಲ ಯಂತ್ರದ ಮುಂದೆ, ಹಿರಿಯ ಕೆಲಸಗಾರರ ಪಕ್ಕದಲ್ಲಿ.

ಕಲಿತದ್ದು ಕೈಗೆ ಇಳಿಯಿತು ಎಂದೇ ಇಟ್ಟುಕೊಳ್ಳೋಣ. ಎಷ್ಟು ದಿನ ಉಳಿಯುತ್ತದೆ? ಇದಕ್ಕೆ ಗೋಕಾಕದ ಕಥೆ ನೋಡಬೇಕು. ಹೆರಿಗೆಯ ಹೊತ್ತಿಗೆ ಮಾಡಬೇಕಾದ 29 ಕೆಲಸಗಳ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಮೊದಮೊದಲು ಪರೀಕ್ಷಿಸಿದ್ದು ಅಲ್ಲಿ, 2010ರಲ್ಲಿ. ಪಟ್ಟಿ ಬರುವ ಮುನ್ನ ಹೆರಿಗೆಯೊಂದಕ್ಕೆ 29ರಲ್ಲಿ ಸರಾಸರಿ 10 ಕೆಲಸಗಳಷ್ಟೇ ಆಗುತ್ತಿದ್ದವು, ಬಂದ ಮೇಲೆ 25. ಈ ಉತ್ಸಾಹದಲ್ಲಿ ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ ದೊಡ್ಡ ಪ್ರಯೋಗ ನಡೆಯಿತು. ಅರ್ಧ ಆಸ್ಪತ್ರೆಗಳಿಗೆ ಎಂಟು ತಿಂಗಳು ಕೋಚ್‌ಗಳು ಹೋಗಿ ನರ್ಸ್‌ಗಳ ಪಕ್ಕ ನಿಂತು ಹೇಳಿಕೊಟ್ಟರು. ಎರಡು ತಿಂಗಳಾದಾಗ ಅಲ್ಲಿ ಶೇ 73ರಷ್ಟು ಕೆಲಸಗಳು ಸರಿಯಾಗಿ ಆಗುತ್ತಿದ್ದವು, ಉಳಿದೆಡೆ ಶೇ 42. ಕೋಚ್‌ಗಳು ಬರುವುದು ನಿಂತ ಮೇಲೆ, ಹನ್ನೆರಡನೇ ತಿಂಗಳಿಗೆ, 73 ಇದ್ದದ್ದು 62ಕ್ಕೆ ಇಳಿದಿತ್ತು. ತಾಯಿ, ಶಿಶು ಮರಣದಲ್ಲಿ ಎರಡೂ ಗುಂಪಿಗೆ ವ್ಯತ್ಯಾಸ ಕಾಣಲಿಲ್ಲ. ನಡವಳಿಕೆ ಬದಲಾದರೂ ಔಷಧ, ರಕ್ತ, ಮುಂದಿನ ಆಸ್ಪತ್ರೆ ಇವೆಲ್ಲ ಇದ್ದಲ್ಲೇ ಇದ್ದರೆ ಹೀಗಾಗಬಹುದು. ತರಬೇತಿ ಮಾರುವವರು ಈ ಕಥೆಯ ಎರಡನೇ ಅರ್ಧವನ್ನು ಹೇಳುವುದು ಕಡಿಮೆ.

ಕೆಲಸ ಸರಿಯಾಗುತ್ತಿಲ್ಲ ಎಂದೊಡನೆ ತರಬೇತಿ ಕೊಡಿ ಎನ್ನುವ ಅಭ್ಯಾಸಕ್ಕೆ ಅಮೆರಿಕದ ರಾಬರ್ಟ್ ಮೇಗರ್ 1970ರಲ್ಲೇ ಒಂದು ಒರಟು ಪ್ರಶ್ನೆ ಹಾಕಿದ್ದರು. ಜೀವ ಉಳಿಯಬೇಕಾದರೆ ಈ ಕೆಲಸ ಮಾಡಲೇಬೇಕು ಎಂದರೆ ಆ ನೌಕರ ಮಾಡಬಲ್ಲನೇ? ಬಲ್ಲ ಎಂದಾದರೆ ಕೊರತೆ ಇರುವುದು ಕಲಿಕೆಯಲ್ಲಿ ಅಲ್ಲ, ಬೇರೆಲ್ಲೋ.

ಅಳತೆಯ ಪಾಠಕ್ಕೆ ಇದನ್ನು ಪರೀಕ್ಷಿಸುವ ಉಪಾಯ ಪೌಷ್ಟಿಕತೆಯ ಸಮೀಕ್ಷೆ ನಡೆಸುವವರ ಬಳಿ ಮೊದಲಿನಿಂದ ಇದೆ. ಹತ್ತು ಮಕ್ಕಳನ್ನು ಕರೆಸುತ್ತಾರೆ. ಅಳೆಯುವ ಪ್ರತಿ ಜೋಡಿಯೂ ಪ್ರತಿ ಮಗುವನ್ನು ಎರಡೆರಡು ಸಲ, ಮೊದಲ ಅಳತೆ ನೋಡದೆ ಅಳೆಯಬೇಕು. ನುರಿತವರೊಬ್ಬರೂ ಅದೇ ಮಕ್ಕಳನ್ನು ಅಳೆಯುತ್ತಾರೆ. ಸರ್ಟಿಫಿಕೇಟ್ ಇರದ ಈ ಪರೀಕ್ಷೆಗೆ ಅರ್ಧ ದಿನ ಸಾಕು, ವಲಯದ ಮೇಲ್ವಿಚಾರಕಿಯೇ ನಡೆಸಬಹುದು. ಒಂದು ಜೋಡಿಯ ಎರಡು ಅಳತೆಗಳು ತಮ್ಮತಮ್ಮಲ್ಲೇ ತಾಳೆಯಾಗದಿದ್ದರೆ ಆ ಕೈಗಳಿಗೆ ಇನ್ನೂ ಅಭ್ಯಾಸ ಬೇಕು. ಎರಡೂ ಸಲ ಒಂದೇ ಅಳತೆ ಬಂದು, ನುರಿತವರ ಅಳತೆಗಿಂತ ಪ್ರತಿ ಮಗುವಿನಲ್ಲೂ ಅಷ್ಟೇ ಕಡಿಮೆ ಬರುತ್ತಿದ್ದರೆ ಹಿಡಿತ ಕಲಿತದ್ದೇ ತಪ್ಪಾಗಿರಬಹುದು. ಅದೇ ಜೋಡಿಗೆ ಬೇರೆ ಕೇಂದ್ರದ ಹಲಗೆ ಕೊಟ್ಟು ನೋಡಿ ವ್ಯತ್ಯಾಸ ಮಾಯವಾದರೆ, ಬದಲಿಸಬೇಕಾದದ್ದು ಹಲಗೆಯನ್ನು. ಅದಕ್ಕೆ ಲಿಂಕ್ ಕಳಿಸಿ ಪ್ರಯೋಜನವಿಲ್ಲ, ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಗೆ ಹೊಸ ಇನ್‌ಫ್ಯಾಂಟೋಮೀಟರಿಗಾಗಿ ಬೇಡಿಕೆ ಪತ್ರ ಬರೆಯಬೇಕು.